ನನ್ನ ಚುನಾವಣೆಗೆ ಬಿದ್ದ ವಾರ್ನಿಶ್

ಪಂಚಾಯ್ತಿ ಚುನಾವಣೆಗೆ ನಿಂತಾಗ ಗೆಲುವಿನ ಬಗ್ಗೆ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಊರಿನ ಅರ್ಧ ಮನೆಗಳ ಬಾಗಿಲು ಮಾಡಿದ ಬಡಗಿ ನಾನು. ಬಾಗಿಲು ಮಾಡಿದವನಿಗೆ ಓಟು ಹಾಕದಿರುತ್ತಾರೆಯೇ?

ಎದುರಾಳಿ, ಊರಿನ ಖಾಸಗಿ ಡಾಕ್ಟರು. "ಔಷಧಿ ಏನು ಕಾಸಿಗೆ ಮಾರೋಕೆ ಸಂತೆ ಬದನೆಕಾಯಾ? ನನ್ನ ಗೆಲ್ಸಿ, ಊರಿಗೆ ಸರ್ಕಾರಿ ಆಸ್ಪತ್ರೆ ತರ್ತೀನಿ!" ಎಂದು ನಾನು ಬೀದಿ ಬೀದಿಯಲ್ಲಿ ಕೂಗಿದೆ. ಬಸ್ಸಿಗೂ ಕಾಸಿಲ್ಲದೆ ಜ್ವರದ ಮಕ್ಕಳನ್ನು ಹೊತ್ತು ನಾಗಮಂಗಲದ ಸರ್ಕಾರಿ ಆಸ್ಪತ್ರೆಯವರೆಗೆ ನಡೆಯುವ ತಾಯಂದಿರನ್ನು ಕಂಡವನು ನಾನು; ಮಾತು ಮನಸ್ಸಿನಿಂದಲೇ ಬಂದಿತ್ತು. ಡಾಕ್ಟರು ನಕ್ಕು ಒಂದೇ ಮಾತು ಹೇಳಿದರು: "ಪುಕ್ಕಟೆ ಔಸ್ದಿ ಮೈಗೆ ಅತ್ತಾಕಿಲ್ಲ ಕಣ್ರಪ್ಪ." ಜನ ತಲೆಯಾಡಿಸಿದರು. ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ಕೂಗಿ ಕೂಗಿ ಗಂಟಲು ಕಟ್ಟಿತು. ಒಳ್ಳೆಯದೇ ಆಯಿತು! ಸರ್ಕಾರಿ ಆಸ್ಪತ್ರೆಯ ಮಿಕ್ಸ್ಚರನ್ನು ಸಭೆಯಲ್ಲೇ ಕುಡಿದು, ಗಂಟಲು ಬಿಟ್ಟದ್ದನ್ನು ಜನರ ಮುಂದೆಯೇ ತೋರಿಸುವುದೆಂದು ತೀರ್ಮಾನಿಸಿದೆ. ಆಸ್ಪತ್ರೆಯಲ್ಲಿ ಔಷಧಿ ಅವರದು, ಸೀಸೆ ನಮ್ಮದು. ಕೆಲಸದ ಪೆಟ್ಟಿಗೆಯಿಂದ ಒಂದು ಖಾಲಿ ಸೀಸೆ ಎತ್ತಿಕೊಂಡೆ.

"ತೊಳ್ಕೊಂಡು ಓಗಿ" ಎಂದಳು ಹೆಂಡತಿ ಕಾಳಮ್ಮ.

"ಬಸ್ಸು ಒಂಟೋಯ್ತದೆ ಕಣೇ! ಸೀಸೆ ತೊಳ್ಯೋ ಒತ್ತಾ ಇದು?" ಎಂದು ಒಡಕು ದನಿಯಲ್ಲೇ ಗದರಿದೆ.

ಸಂಜೆ ಪಂಚಾಯ್ತಿ ಕಟ್ಟಡದ ಮುಂದೆ ಊರೇ ಸೇರಿತ್ತು. ಡಾಕ್ಟರೂ ಬಂದು ನಿಂತಿದ್ದರು. ನಾನು ಬೆಂಚು ಹತ್ತಿ ಮಿಕ್ಸ್ಚರ್ ತುಂಬಿಸಿ ತಂದ ಸೀಸೆ ಎತ್ತಿ ಹಿಡಿದೆ. ವಾರ್ನಿಶ್ ವಾಸನೆ ಬಂತು. ನನ್ನ ಕೈಯದೇ ಇರಬೇಕು ಎಂದುಕೊಂಡೆ. ಒಂದು ದೊಡ್ಡ ಗುಟುಕು ಕುಡಿದೆ.

ಕೈಯದಲ್ಲ!

ಕಣ್ಣಲ್ಲಿ ನೀರು, ಬಾಯಲ್ಲಿ ಬೆಂಕಿ. ಬೆಂಚಿನಿಂದ ನೇರ ಕೆಳಗೆ. ಮೊದಲು ಓಡಿ ಬಂದವರು ಡಾಕ್ಟರೇ! ಸೀಸೆ ಮೂಸಿ ನೋಡಿ, "ಆಚಾರ್ರೇ, ಬಾಗಿಲು ಸಾಲ್ದು ಅಂತ ಒಟ್ಟೆಗೂ ವಾರ್ನಿಶ್ ಬಳ್ಕೊಂಡ್ರಾ?" ಎಂದರು. ರಾತ್ರಿಯೆಲ್ಲ ಪಕ್ಕದಲ್ಲೇ ಕೂತು ನೋಡಿಕೊಂಡರು. ಬೆಳಿಗ್ಗೆ ಕಾಳಮ್ಮ ಫೀಸು ಎಷ್ಟೆಂದು ಕೇಳಿದಾಗ, "ಎದುರಾಳಿ ತಾವ ಫೀಸು ಇಸ್ಕಂತಾರೇನವ್ವ? ಪುಕ್ಕಟೆ ಬುಡು" ಎಂದರು.

ಆ ಪುಕ್ಕಟೆ ಔಷಧಿ ಮಾತ್ರ ನನ್ನ ಮೈಗೆ ಚೆನ್ನಾಗಿ ಹತ್ತಿತು. ಊರಿಗೂ ಹತ್ತಿತು. ಡಾಕ್ಟರು ಭಾರಿ ಬಹುಮತದಿಂದ ಗೆದ್ದರು!

ಆಸ್ಪತ್ರೆ ಬರಲಿಲ್ಲವಲ್ಲ ಎಂದು ನಿಜವಾಗಿ ನೊಂದುಕೊಂಡೆ. ಒಂದು ಸಮಾಧಾನವಾದರೂ ಸಿಗಲೆಂದು, ಓಟು ಯಾರಿಗೆ ಹಾಕಿದೆ ಎಂದು ಕಾಳಮ್ಮನನ್ನು ಕೈಸನ್ನೆಯಲ್ಲಿ ಕೇಳಿದೆ.

"ಆಸ್ಪತ್ರೆ ನಂಗೂ ಬೇಕಾಗಿತ್ತು. ಆದ್ರೆ ಒಂದು ಸೀಸೆ ತೊಳೀದೋರು ಊರು ಎಂಗೆ ನೋಡ್ಕತಾರೆ ಅಂತ ಡಾಕ್ಟ್ರಿಗೇ ಆಕ್ಬುಟ್ಟೆ."

ತಕ್ಕ ಉತ್ತರ ಕೊಡಲು ಬಾಯಿ ತೆರೆದೆ. ಗಂಟಲು ಇನ್ನೂ ಬಿಟ್ಟಿರಲಿಲ್ಲ!