ಮಗಳ ಗ್ಲೌಸನ್ನು ನಾನು ಪಳಗಿಸಿದ್ದು

ಹೆಂಡತಿಯ ಮಾತು ಕೇಳಿ ಕೆಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಕೇಳದೆ ಕೆಟ್ಟವನು ಅಯೋವಾ ರಾಜ್ಯದ ನಮ್ಮೂರಿಗೆಲ್ಲ ನಾನೊಬ್ಬನೇ ಇರಬೇಕು. ಅದೂ ಚೆಂಡು ಹಿಡಿಯುವ ಒಂದು ಗ್ಲೌಸಿನ ದೆಸೆಯಿಂದ.

ನನ್ನ ಮಗಳು ಟ್ರೂಡಿಗೆ ಹತ್ತು ವರ್ಷ. ಹೋದ ವರ್ಷ ಊರಿನ ಸಾಫ್ಟ್‌ಬಾಲ್ ತಂಡದ ಆಯ್ಕೆಗೆ ಹೋದವಳು ಬಂದ ಚೆಂಡನ್ನೆಲ್ಲ ಬಿಟ್ಟು, ಅಳುತ್ತ ಮನೆಗೆ ಬಂದಿದ್ದಳು. ಗೆಳತಿಯರೆಲ್ಲ ತಂಡದ ಟೋಪಿ ಹಾಕಿಕೊಂಡು ಬೇಸಿಗೆಯುದ್ದಕ್ಕೂ ಬೀದಿಯಲ್ಲಿ ಸೈಕಲ್ ಹೊಡೆಯುತ್ತಿದ್ದರೆ ಇವಳು ಕಿಟಕಿಯ ಪರದೆ ಎಳೆದುಕೊಂಡು ಕೂತಿದ್ದಳು. "ಈ ಸಲಾನೂ ಸಿಗ್ಲಿಲ್ಲ ಅಂದ್ರೆ ನಾನಿನ್ನು ಮೈದಾನಕ್ಕೆ ಕಾಲಿಡಲ್ಲ ಅಪ್ಪಾ" ಎಂದು ಈ ವರ್ಷದ ಆಯ್ಕೆಗೆ ಮುಂಚೆ ಅವಳು ಹೇಳಿದಳು. ತಪ್ಪು ಮಗುವಿನದ್ದಲ್ಲ, ಹಳೇ ಗ್ಲೌಸಿನದ್ದು ಎಂದು ತೀರ್ಪು ಕೊಟ್ಟೆ. (ತೀರ್ಪು ಕೊಡುವುದರಲ್ಲಿ ನಾನು ಹುಟ್ಟು ನ್ಯಾಯಾಧೀಶ. ಹೊಟ್ಟೆಪಾಡಿಗೆ ಮಾತ್ರ ವಿಮೆ ಮಾರುತ್ತೇನೆ.)

ಅಂಗಡಿಯಲ್ಲಿ ಟ್ರೂಡಿ ಪುಟ್ಟದೊಂದು ಗ್ಲೌಸು ಹಾಕಿಕೊಂಡಳು. ಮೆತ್ತಗಿತ್ತು, ಅವಳು ಅಂಗೈ ಮುಚ್ಚಿದರೆ ತಾನೂ ಮುಚ್ಚಿಕೊಳ್ಳುತ್ತಿತ್ತು.

"ಅದನ್ನೇ ಕೊಡ್ಸು ಹಾರ್ಲನ್, ಅವಳ ಕೈಗೆ ಸರಿಯಾಗಿ ಕೂತಿದೆ" ಎಂದಳು ನನ್ನ ಹೆಂಡತಿ ಮಾರ್ಲಿಸ್.

"ಇದಾ? ಬಿಸಿ ಪಾತ್ರೆ ಇಳಿಸೋ ಮಸಿಬಟ್ಟೆ ಥರ ಇದೆ! ಅಪ್ಪಟ ಹಸುವಿನ ಚರ್ಮದ್ದು ತಗೊಂಡ್ರೆ ಅವಳ ಮದುವೆವರೆಗೂ ಬರತ್ತೆ."

"ಮದುವೇಲಿ ಯಾರು ಚೆಂಡು ಹಿಡೀತಾರೆ?"

ನಾನು ಮೇಲಿನ ಹಲಗೆಯಿಂದ ದೊಡ್ಡದೊಂದನ್ನು ಇಳಿಸಿದೆ. ಆಹಾ, ಏನು ಬಣ್ಣ, ಏನು ಹೊಲಿಗೆ! ಒಂದೇ ಕೊರತೆ, ಅದು ಮಡಚುತ್ತಿರಲಿಲ್ಲ. ಟ್ರೂಡಿ ಹಿಸುಕಿದಳು, ಮೊಣಕಾಲುಗಳ ನಡುವೆ ಇಟ್ಟು ಒತ್ತಿದಳು, ಕೊನೆಗೆ ಅದರ ಮೇಲೆ ಕೂತೂ ನೋಡಿದಳು. ಅದು ಜಗ್ಗಲಿಲ್ಲ.

"ಪಳಗಿಸಿದ್ರೆ ಸರಿಹೋಗತ್ತೆ" ಎಂದೆ.

"ಹಾಗಾದ್ರೆ ಅವಳೇ ಪಳಗಿಸ್ಲಿ. ದಿನಾ ಹಾಕ್ಕೊಂಡು ಚೆಂಡು ಹಿಡೀತಾ ಹಿಡೀತಾ ತಾನೇ ದಾರಿಗೆ ಬರತ್ತೆ."

"ಆ ಎಳೇ ಬೆರಳಲ್ಲಾ? ನೀನು ಅಡುಗೆ ನೋಡ್ಕೋ, ಚರ್ಮದ ವಿಷಯ ನನಗೆ ಬಿಡು."

(ಈ ಮಾತಿನ ಫಲವಾಗಿ ಬಹಳ ದಿನ ತಣ್ಣಗಿನ ಸ್ಯಾಂಡ್‌ವಿಚ್ಚೇ ಗತಿಯಾಯಿತು.)

ಅಲ್ಲಿಂದ ಶುರುವಾಯಿತು ನನ್ನ ಚರ್ಮಸಂಸ್ಕಾರ ಮಹಾಯಜ್ಞ. ಎಣ್ಣೆ ಸವರಿದೆ. ಗಡ್ಡದ ನೊರೆ ತಿಕ್ಕಿದರೆ ಮೆತ್ತಗಾಗುತ್ತದೆಂದು ಕ್ಷೌರದಂಗಡಿಯವನು ಹೇಳಿದ, ಅದನ್ನೂ ತಿಕ್ಕಿದೆ; ನನ್ನ ಗಡ್ಡ ಮಾತ್ರ ಬೆಳೆಯಿತು. ಮಾಂಸ ಬಡಿಯುವ ಸುತ್ತಿಗೆಯಿಂದ ಬಡಿದೆ. ಒಳಗೆ ಚೆಂಡಿಟ್ಟು, ನನ್ನ ಬೆಲ್ಟಿನಲ್ಲೇ ಬಿಗಿದು, ಹಾಸಿಗೆಯ ಕೆಳಗೆ ಸೇರಿಸಿದೆ.

"ನಿನ್ನ ಗ್ಲೌಸಿಗೆ ಮಂಚದಲ್ಲಿ ಜಾಗ ಇದೆ, ನನ್ನ ಬೆನ್ನಿಗಿಲ್ಲ" ಎಂದು ಮಾರ್ಲಿಸ್ ದಿಂಬೆತ್ತಿಕೊಂಡು ಸೋಫಾಕ್ಕೆ ವಲಸೆ ಹೋದಳು.

ಇಷ್ಟಾದರೂ ಅದು ಸೊಪ್ಪು ಹಾಕದಿದ್ದಾಗ ನಾನೇ ಹಾಕಿಕೊಂಡೆ. ಕಾರು ಓಡಿಸುವಾಗ, ಟೀವಿ ನೋಡುವಾಗ, ಆಫೀಸಿನಲ್ಲಿ ಗಿರಾಕಿಗಳಿಗೆ ಸಾವಿನ ಲಾಭಗಳನ್ನು ವಿವರಿಸುವಾಗಲೂ ಎಡಗೈಯಲ್ಲಿ ಗ್ಲೌಸು! ತೆರೆಯುವುದು, ಮುಚ್ಚುವುದು, ಗುದ್ದುವುದು. ಆಯ್ಕೆಯ ಶನಿವಾರ ಹತ್ತಿರವಾದಂತೆ ನನಗೆ ನಿದ್ದೆ ಊಟ ಎರಡೂ ಬೇಡವಾದವು.

"ಅಪ್ಪಾ, ಒಂದ್ಸಲ ಹಾಕ್ಕೊಳ್ಲಾ?"

"ಇನ್ನೂ ಹದಕ್ಕೆ ಬಂದಿಲ್ಲ ಮಗಳೇ. ಮುಟ್ಬೇಡ!"

ಹಳೆಯದನ್ನು ನಾನು ಆಗಲೇ ಕಸಕ್ಕೆ ಎಸೆದಿದ್ದೆ. ಪಾಪ, ಗ್ಲೌಸಿಲ್ಲದ ಹುಡುಗಿ ಹಿಡಿಯುವುದಾದರೂ ಹೇಗೆ? ಶಾಲೆ ಬಿಟ್ಟು ಬಂದು ಗ್ಯಾರೇಜಿನ ಗೋಡೆಗೆ ಚೆಂಡು ಎಸೆಯುತ್ತ ಕೂರುತ್ತಿದ್ದಳು, ಸಿಟ್ಟಿನಿಂದ.

ಶನಿವಾರ ಬಂತು. ಮೈದಾನದ ಅಂಚಿನಲ್ಲಿ ನಿಂತು, ಬೆಣ್ಣೆಯಂತೆ ಮೆತ್ತಗಾಗಿ ಮಡಚುವ ಗ್ಲೌಸನ್ನು ಮಗಳಿಗೆ ಒಪ್ಪಿಸಿದೆ. ಹಾಕಿಕೊಂಡವಳ ಮುಖ ಬಿಳುಚಿತು.

"ಅಪ್ಪಾ, ಒಳಗೆ ಬೆರಳೆಲ್ಲ ಎಲ್ಲೋ ಹೋಗ್ತಿದೆ. ಕೈ ಅಲ್ಲಾಡಿಸಿದ್ರೆ ಬಿದ್ದೇ ಹೋಗತ್ತೆ."

ಮಾರ್ಲಿಸ್ ಅದನ್ನು ತೆಗೆದುಕೊಂಡು ಒಳಗೆ ನೋಡಿದಳು. ನನ್ನ ದಪ್ಪ ಬೆರಳುಗಳ ಅಚ್ಚು ಅಲ್ಲಿ ಒಂದೊಂದಾಗಿ ಕೂತಿತ್ತು.

"ಪಳಗಿದೆ ಹಾರ್ಲನ್, ಚೆನ್ನಾಗೇ ಪಳಗಿದೆ. ನಿನ್ನ ಕೈಗೆ."

ಅಷ್ಟರಲ್ಲಿ ಕೋಚ್ ಎಲ್ವಾ ಬ್ರೂನ್ಸ್ ಟ್ರೂಡಿಯ ಹೆಸರು ಕೂಗಿದರು. ಅವರು ಶಾಲೆಯ ವ್ಯಾಯಾಮದ ಟೀಚರು, ನಗುವುದು ಅಪರೂಪ. ನಾನು ಕಾಫಿ ಲೋಟ ಹಿಡಿದು ಮಾರ್ಲಿಸ್ ಪಕ್ಕ ಬೆಂಚಿನ ಮೇಲೆ ಕೂತೆ.

ಮೊದಲ ಚೆಂಡು ಎತ್ತರಕ್ಕೆ ಹಾರಿ ಬಂತು. ಟ್ರೂಡಿ ಸರಿಯಾದ ಜಾಗದಲ್ಲೇ ನಿಂತಿದ್ದಳು. ಚೆಂಡು ಗ್ಲೌಸಿಗೆ ಬಿತ್ತು. ಗ್ಲೌಸು ಚೆಂಡಿನ ಸಮೇತ ನೆಲಕ್ಕೆ ಬಿತ್ತು. ಹುಡುಗಿಯರು ಕಿಸಕ್ಕೆಂದರು. ಎರಡನೆಯದಕ್ಕೂ ಅದೇ ಕಥೆ. ಮಾರ್ಲಿಸ್ ನನ್ನ ತೊಡೆಯನ್ನು ಬಿಗಿಯಾಗಿ ಹಿಡಿದಿದ್ದಳು (ಪ್ರೀತಿಯಿಂದಲ್ಲ). ನನಗೆ ಕೂರಲಾಗಲಿಲ್ಲ, ಕಾಫಿ ಲೋಟ ಹಿಡಿದುಕೊಂಡೇ ಎದ್ದು ನಿಂತು ಅರಚತೊಡಗಿದೆ: "ಎರಡೂ ಕೈ ಟ್ರೂಡಿ! ಎರಡೂ ಕೈ ಒಡ್ಡು!"

ಮೂರನೆಯ ಚೆಂಡು ಅವಳನ್ನು ದಾಟಿ ಬೇಲಿಯವರೆಗೂ ಉರುಳಿತು. ಟ್ರೂಡಿ ಓಡಿದಳು. ಗ್ಲೌಸು ಕಿತ್ತು ನೆಲಕ್ಕೆ ಬಡಿದಳು. ಚೆಂಡೆತ್ತಿಕೊಂಡು, ಕಣ್ಣೀರು ಒರೆಸಿಕೊಂಡು, ಅರಚುತ್ತಿದ್ದ ನನ್ನ ಕಡೆ ತಿರುಗಿದಳು. ಎಸೆದಳು.

ಚೆಂಡು ಇಡೀ ಮೈದಾನ ದಾಟಿ, ಎಲ್ಲೂ ನೆಲ ಮುಟ್ಟದೆ, ನೇರ ನನ್ನ ಕಾಫಿ ಲೋಟಕ್ಕೆ ಬಂತು. ಲೋಟ ಹೋಯಿತು. ಕಾಫಿ ನನ್ನಲ್ಲೇ ಉಳಿಯಿತು, ಮೂಗಿನಿಂದ ಸೊಂಟದವರೆಗೆ.

ಕೋಚ್ ನಮ್ಮತ್ತ ಬಿರಬಿರನೆ ಬಂದರು. ಮಗಳ ಕಥೆ ಮುಗಿಯಿತೆಂದು ನನಗೆ ಅಳುವೇ ಬಂತು.

"ತಪ್ಪೆಲ್ಲ ನಂದು ಮೇಡಂ, ಮಗೂನ ಬೈಬೇಡಿ" ಎಂದೆ.

"ಸುಮ್ನಿರಿ ಸ್ವಲ್ಪ. ಬೇಲಿಯಿಂದ ಇಲ್ಲೀವರೆಗೂ ಎಸೆದಳಲ್ರೀ!" ಎಂದ ಕೋಚ್ ತಿರುಗಿ ಕೂಗಿದರು: "ಏಯ್ ಹುಡುಗಿ, ಯಾರದ್ದಾದ್ರೂ ಗ್ಲೌಸು ಇಸ್ಕೊಂಡು ಬಾ. ಇನ್ನೊಂದ್ಸಲ ನೋಡೋಣ!"

ಪಕ್ಕದ ಹುಡುಗಿ ಕೊಟ್ಟ ಗ್ಲೌಸಿನಲ್ಲಿ ಟ್ರೂಡಿ ಬಂದ ಚೆಂಡನ್ನೆಲ್ಲ ಹಿಡಿದಳು. ಹಿಡಿದದ್ದನ್ನೆಲ್ಲ ಎಸೆದಳು. ಕೋಚ್ ತಮ್ಮ ಕೈಯಾರೆ ಅವಳ ತಲೆಗೆ ತಂಡದ ಟೋಪಿ ಇಟ್ಟಾಗ ಅವಳು ಓಡಿ ಬಂದು ಅಮ್ಮನನ್ನು ಅಪ್ಪಿಕೊಂಡಳು. ನನಗೆ ಕಾಫಿಯ ಕಾರಣ ಆ ಭಾಗ್ಯ ಇರಲಿಲ್ಲ. ಆದರೂ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಕೋಚ್ ನೆಲದಲ್ಲಿದ್ದ ಗ್ಲೌಸನ್ನು ಎತ್ತಿ ಕೇಳಿದರು, "ಇದು ಯಾರದು?"

"ನನ್ನ ಗಂಡಂದು" ಎಂದಳು ಮಾರ್ಲಿಸ್, ಒಂದು ಕ್ಷಣವೂ ತಡಮಾಡದೆ.

"ಒಳ್ಳೇದೇ ಆಯ್ತು. ಇವಳು ದಿನಾ ಎಸೀಬೇಕು, ಜೋರಾಗಿ ಎಸೀಬೇಕು. ಹಿಡಿಯೋಕೆ ಮನೇಲಿ ಒಬ್ರು ಬೇಕಿತ್ತು."

ಈಗ ಸಂಜೆಯಾದರೆ ನಾನು ಹಿತ್ತಲಲ್ಲಿ ಟ್ರೂಡಿ ಎಸೆಯುವ ಚೆಂಡು ಹಿಡಿಯುತ್ತ ಕುಕ್ಕರಗಾಲಲ್ಲಿ ಕೂತಿರುತ್ತೇನೆ. ಅಂಗೈ ಊದಿ ಊದಿ, ನಾನೇ ಪಳಗಿಸಿದ ಗ್ಲೌಸಿನೊಳಗೆ ನನ್ನ ಕೈಯೇ ಹೋಗುತ್ತಿಲ್ಲ. ಹೊಸದೊಂದು ತೆಗೆದುಕೊಳ್ಳೋಣವೆಂದು ನಿನ್ನೆ ಕಾರಿನ ಬೀಗದ ಕೈ ಎತ್ತಿಕೊಂಡರೆ ಮಾರ್ಲಿಸ್ ಬಾಗಿಲಿಗೆ ಅಡ್ಡ ನಿಂತಳು.

"ಒಬ್ನೇ ಹೋಗ್ಬೇಡ. ಟ್ರೂಡಿನ ಕರ್ಕೊಂಡು ಹೋಗು. ನಿನಗೆ ಯಾವುದು ಸರಿಹೋಗತ್ತೆ ಅಂತ ಅವಳು ಆರಿಸಿ ಕೊಡ್ತಾಳೆ."