ಬಲಗೆನ್ನೆ ಬಾಕಿ

ಪ್ರವಾಸಿ ಹಡಗಿನ ಬಾಲ್ಕನಿಯಲ್ಲಿ ನಿಂತು ದಡದ ಪುಟ್ಟ ಊರಿನ ಅಂದ ನೋಡುತ್ತ ಗಡ್ಡ ಹೆರೆಯಲು ಹೋದದ್ದೇ ಲೆಕ್ಕದ ಮೇಷ್ಟ್ರ ತಪ್ಪಾಯಿತು. ರೇಜರ್ ಕೈಜಾರಿ ಸಮುದ್ರ ಸೇರಿತು.

ಸಂಜೆ ಕ್ಯಾಪ್ಟನ್ ಜೊತೆ ಊಟ. "ಈ ಮುಳ್ಳುಹಂದಿ ಮುಖ ಹೊತ್ಕೊಂಡು ನನ್ನ ಪಕ್ಕ ಕೂತ್ರೆ ನೋಡಿ!" ಎಂದು ಎಚ್ಚರಿಸಿ, ತಲೆಸುತ್ತಿನ ಮಾತ್ರೆ ನುಂಗಿ ಹೆಂಡತಿ ಮಲಗಿದ್ದರು. ಮೇಷ್ಟ್ರು ಬಚ್ಚಲಲ್ಲಿ ಅವಸರವಾಗಿ ಮುಖದ ನೊರೆ ತೊಳೆದು, ಬಾಗಿಲೆಳೆದು, ಬೆಕ್ಕಿನ ಹೆಜ್ಜೆಯಿಟ್ಟು ಹೊರಬಿದ್ದರು. ಅಂಚೆಚೀಲ ಒಯ್ಯಲು ಊರಿನ ದೋಣಿ ಬಂದಿತ್ತು. "ಅಲ್ಲೇನಿದೆ ನೋಡೋಕೆ?" ಎಂದು ಬೇರಾರೂ ಇಳಿಯಲಿಲ್ಲ. ಹಡಗು ಹೊರಡುವುದು ನಾಲ್ಕಕ್ಕೆ.

"ಇಲ್ಲಿ ಕ್ಷೌರದಂಗಡಿ ಎಲ್ಲಪ್ಪಾ?" ದಡ ಮುಟ್ಟಿದಾಗ ಮೇಷ್ಟ್ರು ದೋಣಿಯವನನ್ನು ಕೇಳಿದರು.

"ನನ್ನ ಹಿಂದೆ ಬನ್ನಿ."

ಆತನೇ ಅಂಗಡಿಯ ಬೀಗ ತೆಗೆದ, ಟೋಪಿ ಕಳಚಿ ಏಪ್ರನ್ ಕಟ್ಟಿದ. ಎಡಗೆನ್ನೆ ಮುಗಿಯಿತು. ಬಲಗೆನ್ನೆಗೆ ನೊರೆ ಹಚ್ಚುವಷ್ಟರಲ್ಲಿ ಬ್ರೆಡ್ ಅಂಗಡಿಯ ಅಜ್ಜಿ ಇಣುಕಿದಳು.

"ಮಗಳ ಕಾಗದ ಬಂತೇನೋ?"

"ಬಂದೆ ಅಜ್ಜಿ!" ಕ್ಷೌರಿಕ ಈಗ ಅಂಚೆಯವನಾದ. ಕಾಗದ ಕೊಟ್ಟರೆ ಸಾಲದು, ಓದಿಯೂ ಹೇಳಬೇಕು. ನೊರೆಗೆನ್ನೆಯ ಮೇಷ್ಟ್ರು ಬಾಗಿಲಲ್ಲೇ ನಿಂತು ಕೇಳಿದರು. ಮೊಮ್ಮಗುವಿಗೆ ಹಲ್ಲು ಬಂದ ಸುದ್ದಿಗೆ ಇಡೀ ಬೀದಿ ಕಿಟಕಿ ತೆರೆದು ಚಪ್ಪಾಳೆ ತಟ್ಟಿತು. ಮೇಷ್ಟ್ರ ಕಣ್ಣೂ ಒದ್ದೆಯಾಯಿತು. ತಮ್ಮ ಬೀದಿಯಲ್ಲಿ ಯಾರ ಹಲ್ಲು ಬಂದರೂ ಬಿದ್ದರೂ ಕೇಳುವವರಿರಲಿಲ್ಲ.

ಅಷ್ಟರಲ್ಲಿ ಯಾರದೋ ಕೂಗು: "ನಮ್ಮ ಮೇಕೆ ಮರಿ ಹಾಕ್ತಿದೆ, ಅಡ್ಡ ಸಿಕ್ಕಿಕೊಂಡಿದೆ, ಬೇಗ ಬಾರೋ!"

ಅಂಚೆಯವನು ಮೇಕೆ ವೈದ್ಯನಾಗಿ ಓಡಿದ. ಮೇಷ್ಟ್ರೂ ಓಡಿದರು.

"ಸ್ವಾಮಿ, ಕಾಲು ಹಿಡ್ಕೊಳಿ!"

ನಲವತ್ತು ವರ್ಷ ಬರೀ ಸೀಮೆಸುಣ್ಣ ಹಿಡಿದ ಕೈ ಮೇಕೆಯ ಕಾಲು ಹಿಡಿಯಿತು. ಮರಿ ಜಾರಿ ಹೊರಬಂದಾಗ ಮೇಷ್ಟ್ರು ತಮಗೇ ಮೊಮ್ಮಗ ಹುಟ್ಟಿದಂತೆ ಕುಣಿದರು. ತಾಯಿಮೇಕೆ ಮರಿಯನ್ನು ನೆಕ್ಕಿ, ಅದೇ ಗುಂಗಿನಲ್ಲಿ ಅವರ ಕೆನ್ನೆಯ ನೊರೆಯನ್ನೂ ನೆಕ್ಕಿ, ಮುಖ ಸಿಂಡರಿಸಿತು.

ಮತ್ತೆ ಕುರ್ಚಿಗೆ ಬಂದು ಕೂತಾಗ ಮೂರೂವರೆ.

"ದೋಣಿ ತಪ್ಪಿಹೋದ್ರೆ ಏನಪ್ಪಾ ಗತಿ?"

"ದೋಣಿ ನಡೆಸೋನು ನಾನೇ ಅಲ್ವಾ ಸ್ವಾಮಿ! ನಿಮ್ಮ ಕೆನ್ನೆ ನನ್ನ ಕೈಲಿರೋವಾಗ ಅದೆಲ್ಲಿಗೆ ಹೋಗುತ್ತೆ?"

ಎಂಥ ತರ್ಕ! ಮೇಷ್ಟ್ರು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟು ಕಣ್ಮುಚ್ಚಿದರು. ಬಲಗೆನ್ನೆ ಮುಗಿದು ತಲೆಗೆ ಎಣ್ಣೆ ತಿಕ್ಕುವಾಗ ಗೊರಕೆಯೇ ಬಂತು.

ಎಚ್ಚರವಾದದ್ದು ಹಡಗಿನ ಕೂಗಿಗೆ. ಇಬ್ಬರೂ ದಡಕ್ಕೆ ಓಡಿದರು. ದೋಣಿ ಸಾಕಿದ ನಾಯಿಯಂತೆ ಕಟ್ಟಿದ ಜಾಗದಲ್ಲೇ ಇತ್ತು. ಹಡಗು ಮಾತ್ರ ಬೆಂಕಿಪೊಟ್ಟಣದಷ್ಟಾಗಿತ್ತು.

"ದೋಣಿ ಹೋಗಲ್ಲ ಅಂದೆ, ಹೋಗಿಲ್ಲ ನೋಡಿ," ಎಂದು ಆತ ತಲೆ ಕೆರೆದುಕೊಂಡ. "ಹಡಗಿನ ವಿಷಯ ನಾನು ಹೇಳಲಿಲ್ಲ."

"ಇರಲಿ ಬಿಡಪ್ಪ. ತಲೆ ಎಣಿಸಿದಾಗ ಒಬ್ಬ ಕಡಿಮೆ ಅಂತ ಗೊತ್ತಾಗುತ್ತೆ. ತಿರುಗಿ ಬಂದೇ ಬರ್ತಾರೆ," ಎಂದರು ಲೆಕ್ಕದ ಮೇಷ್ಟ್ರು, ಧೈರ್ಯವಾಗಿ.

ಆಗ ಫೋನ್ ಬಂತು. ಹೆಂಡತಿ.

"ಏನ್ರೀ, ಈಗ ತಾನೇ ಎದ್ದೆ. ಬಚ್ಚಲಲ್ಲಿ ನಲ್ಲಿ ಸುರೀತಾನೇ ಇದೆ, ಬಾಗಿಲು ಬಡಿದ್ರೆ ಮಾತಿಲ್ಲ! ತಲೆ ಎಣಿಸೋಕೆ ಬಂದವರಿಗೆ, ನಮ್ಮವರು ಒಳಗೆ ಶೇವ್ ಮಾಡ್ಕೋತಿದಾರೆ, ಬರ್ಕೊಳಿ ಅಂತ ನಾನೇ ಹೇಳಿ ಕಳಿಸ್ದೆ. ಇನ್ನೂ ಆಗಿಲ್ವಾ?"

ಮೇಷ್ಟ್ರು ಎರಡೂ ಕೆನ್ನೆ ಸವರಿಕೊಂಡರು.

"ಆಯ್ತು ಕಣೇ," ಎಂದರು. "ಈಗಷ್ಟೇ ಆಯ್ತು."