ಪರದಾದ ಆಚಿಗಿನ ಗಂಟು

ಕೆಲವರಿಗೆ ಹೋದಲ್ಲೆಲ್ಲಾ ಬಾಗಲಾ ತಲಿಗೆ ಬಡೀತದ, ಕೆಲವರಿಗೆ ಚಪ್ಪಲಿ ಕಳೀತಾವ. ನನಗ ಮಾನ ಹೋಗತದ, ಅದೂ ನಾಲ್ಕು ಮಂದಿ ಮುಂದ. ಮುಂಬಯಿಯೊಳಗ ಸರ್ಜರಿ ಕಲ್ತು ಬೈಲಹೊಂಗಲದ ದವಾಖಾನಿಗೆ ಬಂದು ಕುಂತಾಗಿಂದ ಇದು ನಡದ ಐತಿ. ಆಗ ಇಸವಿ ಸಾವಿರದ ಒಂಬೈನೂರು ದಾಟಿ ನಾಕೈದು ವರ್ಷ ಆಗಿತ್ತಷ್ಟ. ನನಗ ಹೆಣ್ಣುಮಕ್ಕಳ ಎದಿಗಂಟಿನ ಹುಚ್ಚು ಹಿಡಿದಿತ್ತು. ಅದರ ಮ್ಯಾಲೆ ಒಂದು ನಿಬಂಧ ಬರದು, ಬೆಳಗಾವ್ಯಾಗ ಡಾಕ್ಟರರ ಸಭಾದಾಗ ಓದಿ, ಮುಂಬಯಿ ಕಾಲೇಜಿನ್ಯಾಗ ಮಾಸ್ತರಕಿ ಹಿಡೀಬೇಕಂತ ಆಶಾ.

೧. ಡಂಗುರ

ನಿಬಂಧಕ್ಕ ರೋಗಿಗಳು ಬೇಕಲ್ಲ? ಜ್ವರ ಬಂದ್ರನ ದವಾಖಾನಿ ಕಟ್ಟಿ ಹತ್ತಲಾರದ ಹೆಣ್ಣುಮಕ್ಕಳು ಎದಿಗಂಟು ತೋರಸ್ತಾರ? ನನ್ನ ಶಾಣ್ಯಾತನ ನೋಡ್ರಿ, ಸಂತಿ ದಿನ ಡಂಗುರ ಸಾರಿಸಿದೆ. ಹಲಗಿ ಬಾರಿಸವ ಪ್ಯಾಟಿ ತುಂಬ ಕೂಗಿದ: "ಎದಿಯಾಗ ಗಂಟಿದ್ದ ಹೆಣ್ಣುಮಕ್ಕಳು ದವಾಖಾನಿಗೆ ಬರಬೇಕಂತ್ರಪೋ! ಡಾಕ್ಟರ ಸಾಹೇಬ್ರು ಸ್ವತಃ ಕೈಮುಟ್ಟಿ ನೋಡತಾರಂತ್ರಪೋ!"

ಆ ಕೈಮುಟ್ಟಿ ಅನ್ನೂದು ನಾ ಹೇಳಿಕೊಟ್ಟದ್ದಲ್ಲ. ಅವಾ ಹುರುಪಿನ್ಯಾಗ ತಾನ ಸೇರಿಸಿದ್ದು.

ಒಂದು ತಿಂಗಳು ದವಾಖಾನಿಗೆ ಹೆಣ್ಣು ನೊಣ ಸುದ್ದಾ ಬರಲಿಲ್ಲ. ಓಣ್ಯಾಗ ನಾ ಎದುರು ಬಂದ್ರ ಮುದುಕ್ಯಾರೂ ಸೆರಗು ಬಿಗಿ ಮಾಡಿಕೊಂಡು ಆ ಕಡಿಗೆ ದಾಟತಿದ್ರು. ಡಂಗುರದ ಮರುದಿನ ಮುಂಜಾನಿನ ನನ್ನ ಹೆಂಡತಿ ಬಾವಿಗೆ ಹೋದಾಕಿ ಖಾಲಿ ಕೊಡಾ ತಂದು ನನ್ನ ಕಾಲ ಮುಂದ ಕುಕ್ಕಿದ್ಲು.

"ಬಾವಿಕಟ್ಟಿ ಮ್ಯಾಲೆ ಎಲ್ಲಾರೂ ನನ್ನ ಮಾರಿ ನೋಡಿ ನಗಾಕ ಹತ್ಯಾರ. ಇನ್ನ ಮ್ಯಾಲೆ ನೀರು ನೀವ ತರ್ರಿ."

ಎಂಟು ದಿನ ತಂದೆ.

೨. ತೂತು

ಆ ಡಂಗುರ ಖರೇ ಮನಸ್ಸಿಟ್ಟು ಕೇಳಿದವರು ಒಬ್ಬರು ಇದ್ರು. ಸವದತ್ತಿ ಹಾದಿಯೊಳಗಿನ ಒಂದು ಊರಿನ ಗೌಡ್ರು, ಹತ್ತಿ ಅರಳಿ ಮಾರಾಕ ಬಂದಿದ್ರು. ದವಾಖಾನಿಗೆ ಬಂದು ನನ್ನ ಮುಂದ ಕುಂತ್ರು.

"ನಮ್ಮ ಮನ್ಯಾಕಿಗೆ…" ಅಂದು ತಮ್ಮ ಎದಿ ಮುಟ್ಟಿಕೊಂಡ್ರು. "ಹುಣಸೀ ಬೀಜದಷ್ಟು ಐತಂತ್ರಿ. ಇಬ್ಬರು ಸಣ್ಣ ಮಕ್ಕಳದಾರ. ಆಕಿನ್ನ ಉಳಸಿಕೊಡ್ರಿ ಸಾಹೇಬ್ರ."

ಅಂಥಾ ಆಳೆತ್ತರದ ಮನಶ್ಯಾ ಕಣ್ಣಾಗ ನೀರು ತಂದುಬಿಟ್ಟ. ಹೊತ್ತಿಗೆ ಸರಿಯಾಗಿ ಕೊಯ್ದ್ರ ಆಕಿ ಉಳೀತಾಳ, ತಡಾ ಆದ್ರ ಇಲ್ಲ, ಅದು ನನಗ ಗೊತ್ತಿತ್ತು. ಆದ್ರ ನನ್ನ ಮನಸ್ಸು ಒಳಗಿಂದೊಳಗ ಮೊದಲನೇ ರೋಗಿ ಸಿಕ್ಕಿತಂತ ಕುಣ್ಯಾಕ ಹತ್ತಿತ್ತು. ನಾಚಿಗಿ ಆಗತದ ಹೇಳಾಕ.

ಅವರ ವಾಡೇಕ್ಕ ಹೋದೆ. ಪಡಸಾಲಿ ಕಂಬದಿಂದ ಕಂಬಕ್ಕ ಜಮಖಾನಿ ಕಟ್ಟಿದ್ರು. ನಡುವ ಒಂದು ತೂತು, ನನ್ನ ಕೈಯಷ್ಟ ಹೋಗೂವಂಥಾದ್ದು. ಗೌಡ್ರ ತಾಯಿ ಬಾಜೂಕ ಕಾವಲಿಗೆ ಕುಂತಿದ್ಲು.

"ಕಣ್ಣು ಮುಚ್ಚರಿ," ಅಂದ್ಲು.

"ನಡುವ ಪರದಾ ಐತೆಲ್ರಿ, ಅವ್ವಾರ?"

"ಇರಲಿ, ಮುಚ್ಚರಿ."

ಮುಚ್ಚಿ ಕೈ ಹಾಕಿದೆ. ಏನೂ ಸಿಗಲಿಲ್ಲ. ಹಂಗಂತ ಹೇಳಿದ್ರ ಮುಗೀತಿತ್ತು. ಆದ್ರ ಗೌಡ್ರು ಐತಿ ಅಂದಾರ, ನಿಬಂಧಕ್ಕೂ ಬೇಕಾಗೇತಿ. ಒತ್ತಿ ಒತ್ತಿ ನೋಡಿದ ಮ್ಯಾಲೆ ಏನೋ ಇದ್ದಂಗ ಅನಸ್ತು. "ಐತಿ, ಐತಿ!" ಅಂದೆ. ಪರದಾದ ಆಚೆ ಯಾರೋ "ಅಯ್ಯ ಶಿವನ" ಅಂದ್ರು.

ಕೊಯ್ಯೂದರ ಮಾತು ತಗದ್ರ ಮುದುಕಿ ಎದ್ದು ನಿಂತಳು. ಸರಿ, ಒಂದು ತಿಂಗಳು ನೋಡೂಣು ಅಂತ ಒಂದು ಡಬ್ಬಿ ಮುಲಾಮು ಕೊಟ್ಟು ಬಂದೆ. ತಿಂಗಳಾದ ಮ್ಯಾಲೆ ಮತ್ತ ಕಣ್ಣು ಮುಚ್ಚಿ, ಮತ್ತ ಕೈ ಹಾಕಿ, "ಕರಗೇತ್ರಿ!" ಅಂದೆ.

"ಏನು ಕೈಗುಣಾರೀ ನಿಮ್ಮದು!" ಅಂದ್ಲು ಮುದುಕಿ, ಬೆರಗಾಗಿ. ಆಕಿಗೆ ಯಾಕ ಅಷ್ಟು ಬೆರಗಾತು ಅಂತ ನಾ ಅವತ್ತ ಕೇಳಬೇಕಾಗಿತ್ತು.

೩. ಇನ್ನೊಂದು ಡಬ್ಬಿ

ಮುಂದಿನ ತಿಂಗಳು ಬೆಳಗಾವ್ಯಾಗ ನಿಬಂಧ ಓದಿದೆ. ಕೊಯ್ಯಲಾರದನ ಗಂಟು ಕರಗಿದ್ದಕ್ಕ ಚಪ್ಪಾಳಿ ಬಿದ್ದವು. ಒಬ್ಬರು ಹಿರ್ಯಾರು ಮುಂಬಯಿಗೆ ನಿನ್ನ ಹೆಸರು ಬರದು ಕಳಸ್ತೇನಿ ಅಂದ್ರು. ಉಬ್ಬಿಕೊಂಡು ಊರಿಗೆ ಬಂದೆ.

ಮೂರನೇ ದಿನ ಅರಳಿ ಚಕ್ಕಡಿಯಿಂದ ಒಬ್ಬಾಕಿ ಇಳದು ದವಾಖಾನಿ ಬಾಗಲದಾಗ ನಿಂತಳು. ಗೌಡ್ರ ಮನಿ ಕೆಲಸದಾಕಿ.

"ಸಾಹೇಬ್ರ, ಒಂದು ಡಬ್ಬಿ ಮುಲಾಮು ಕೊಡ್ರಿ."

"ಗೌಡತಿಗೇನವ್ವಾ?"

"ಇಲ್ರಿ, ನನಗ. ಗಂಟು ಐತಿ ಅಂದಿದ್ರೆಲ್ರಿ ನೀವ! ಕೊಟ್ಟದ್ದನ್ನೆಲ್ಲಾ ಗೌಡತಿ ಅವ್ವಾರ ಹಚ್ಚಿಕೊಂಡ್ರು. ನನಗ್ಯಾರೂ ಕೊಡಲಿಲ್ರಿ. ಕರಗೇತಿ ಅಂದ್ರಿ ಖರೆ, ನನಗ ಅಂಜಿಕಿ ಹೋಗವಲ್ದ್ರಿ."

ಆಕೀನ್ನ ಒಳಗ ಕರದು ಕುಂದರಿಸಿದೆ. ಬಿಡಿಸಿ ಬಿಡಿಸಿ ಕೇಳಿದೆ. ಆ ಮನ್ಯಾಗ ಸೊಸಿಗೆ ಆಗಲಾರದ್ದನ್ನ ಮಾಡಾಕಿ ಈಕೀನ. ಗೌಡತಿ ಹೊತ್ತ ಉಪಾಸ ಈಕಿ ಹಿಡೀತಿದ್ಲು. ಸವದತ್ತಿ ಎಲ್ಲಮ್ಮನ ಗುಡ್ಡದಾಗ ಗೌಡತಿ ಹರಕಿಯ ದೀಡ ನಮಸ್ಕಾರ, ಹೆಜ್ಜಿಗೊಮ್ಮೆ ಅಡ್ಡಬೀಳೂದು, ಈಕಿ ಹಾಕತಿದ್ಲು. ಪರಗಂಡಸು ಕೈ ಹಾಕತಾನ ಅಂದಾಗ ಮುದುಕಿ ಈಕೀನ್ನ ತೂತಿನ ಹಿಂದ ಕುಂದರಿಸಿದ್ಲು. ಗೌಡ್ರಿಗೂ ಗೊತ್ತಿರಲಿಲ್ಲ. "ಎಲ್ಲಮ್ಮ ಒಪ್ಪಿಕೊಂಡಾಳ, ಡಾಕ್ಟರ ಒಪ್ಪೂದಿಲ್ಲೇನು?" ಅಂದಿದ್ಲಂತ ಮುದುಕಿ.

"ನಿನಗ ಏನೂ ಇಲ್ಲವ್ವಾ. ಅವತ್ತೂ ಇರಲಿಲ್ಲ," ಅಂದೆ. ತಿಂಗಳಗಟ್ಟಲೆ ಅಂಜಿ ಅಂಜಿ ಸಣ್ಣಾಗಿದ್ದ ಆಕಿ ಮಾರಿ ಅರಳಿತು.

"ಹಚ್ಚಲಾರದನ ಹೋತೇನ್ರಿ?"

೪. ಪಾಳಿ

"ಗೌಡತೀದು ಹೆಂಗೈತಿ?" ಅಂತ ಕೇಳಿದೆ.

"ಅವರದು ನಿಂಬಿಹಣ್ಣಿನಷ್ಟಾಗೇತ್ರಿ."

ಚಕ್ಕಡಿ ಕಟ್ಟಾಕ ಹೇಳಿದೆ. ಅದು ಸಜ್ಜಾಗೂದರೊಳಗ ಸಭಾದ ಹಿರ್ಯಾರಿಗೆ ಒಂದು ಕಾಗದ ಬರದೆ, ನಾ ಓದಿದ್ದು ಸುಳ್ಳು ಅಂತ. ಮುಂಬಯಿ ಮಾಸ್ತರಕಿ ಆ ಕಾಗದದ ಜೋಡೀನ ಹೋತು.

ಗೌಡ್ರ ಮುಂದ ನಿಂತು ಎಲ್ಲಾ ಒಪ್ಪಿಕೊಂಡೆ. "ಇಲ್ಲದ ಗಂಟು ಐತಿ ಅಂದೆ. ಕರಗೇತಿ ಅಂತನೂ ಅಂದೆ. ನಾ ಖರೇ ಹೇಳಿದ್ರ ಪರದಾದ ಹಿಂದ ಬ್ಯಾರೇದಾಕಿ ಕುಂತದ್ದು ಅವತ್ತ ಬಯಲಿಗೆ ಬರತಿತ್ತು. ಎರಡು ತಿಂಗಳು ನನ್ನಿಂದ ಹಾಳಾದವು." ಗೌಡ್ರು ತಾಯಿ ಮಾರಿ ನೋಡಿದ್ರು, ತಾಯಿ ಗ್ವಾಡಿ ನೋಡಿದ್ಲು. ನನ್ನ ಮಾರಿ ಯಾರೂ ನೋಡಲಿಲ್ಲ.

ಆವಾಗ ಗೌಡತಿ ತಾನ ಜಮಖಾನಿ ಸರಿಸಿ ಹೊರಗ ಬಂದ್ಲು.

"ನಾವು ಆಕೀನ್ನ ತೋರಿಸಿದ್ವಿ, ನೀವು ಆಕೀನ್ನ ಆರಾಮ ಮಾಡಿದ್ರಿ. ಅಲ್ಲಿಗೆ ಸರಿಹೋತು. ಇನ್ನ ನನ್ನ ಪಾಳಿ ಯಾವಾಗ, ಸಾಹೇಬ್ರ?"

ಪರೀಕ್ಷಾ ಮಾಡಿದೆ, ಈ ಸಲ ಕಣ್ಣು ತಗದು. ಗಂಟು ಕಂಕಳಕ್ಕ ಇನ್ನೂ ಹಬ್ಬಿರಲಿಲ್ಲ. ಮರುದಿನ ಮುಂಜಾನಿ ಪಡಸಾಲ್ಯಾಗನ ಕಟಗಿ ಹಲಗಿ ಹಾಕಿಸಿ, ಕ್ಲೋರೋಫಾರ್ಮ್ ಕೊಟ್ಟು, ಕೊಯ್ದು ತಗದೆ. ಮುಂದ ಆಕಿ ಮೊಮ್ಮಕ್ಕಳನ್ನ ಆಡಿಸಿದ್ಲು. ಆದ್ರ ಅವತ್ತ ಅದು ಯಾರಿಗೆ ಗೊತ್ತಿತ್ತು? ಪಟ್ಟಿ ಕಟ್ಟಿ ಎಷ್ಟು ಹೊತ್ತಾದ್ರೂ ಆಕಿ ಕಣ್ಣು ತಗೀಲಿಲ್ಲ. ಗೌಡ್ರು ಎರಡೂ ಮಕ್ಕಳನ್ನ ಅವಚಿಕೊಂಡು ಅಂಗಳದಾಗ ಕುಂತಿದ್ರು. ಕೆಲಸದಾಕಿ ಗೌಡತಿ ಕೈ ಹಿಡದು ಒಂದ ಸಮನ ಅಳಾಕ ಹತ್ತಿದ್ಲು.

ಕಡೀಕ ಗೌಡತಿ ಕಣ್ಣು ತಗದ್ಲು. ಅಳಾಕಿನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ್ಲು. ಆಮ್ಯಾಲೆ ನನ್ನ ಕಡೆ ಹೊಳ್ಳಿ, ಕೇಳಿಸಲಾರದಷ್ಟು ಸಣ್ಣ ದನಿಲೆ ಅಂದ್ಲು:

"ಸಾಹೇಬ್ರ, ಸಿಟ್ಟಾಗಬ್ಯಾಡ್ರಿ. ಈ ಸಲ ಕೊಯ್ದದ್ದು ನನ್ನನ್ನ ಹೌದಲ್ರಿ?"